ಜೋಳದ ಕೂಳೆ ಮತ್ತು ಕಂಪ್ಯೂಟರ್ ಪಟ್ಟಿ

೧೯೭೬ರಲ್ಲಿ ನಾನು ಕೊಳ್ಳೇಗಾಲದಲ್ಲಿ ಪಶುವೈದ್ಯನಾಗಿದ್ದೆ. ಹನೂರು ಕಡೆಯ ಹಳ್ಳಿಗಳೂ ನನ್ನ ಸುತ್ತಾಟಕ್ಕೆ ಸೇರಿದ್ದವು. ಆ ವರ್ಷ ಮೇಲಿನಿಂದ ಹೊಸದೊಂದು ಕೆಲಸ ಬಂತು. ನಮ್ಮ ಸೀಮೆಯ ದನಗಳು ತಿನ್ನುವ ಮೇವುಗಳನ್ನೆಲ್ಲ ಅಚ್ಚಾದ ಫಾರಂನಲ್ಲಿ ನಮೂದಿಸಿ, ಮಾದರಿಗಳೊಂದಿಗೆ ಕಳುಹಿಸಬೇಕು. ಪ್ರಯೋಗಾಲಯದ ಅಂಕಿಗಳನ್ನು ಪಂಚ್ ಕಾರ್ಡ್, ಅಂದರೆ ತೂತು ಹೊಡೆದ ರಟ್ಟಿನ ಚೀಟಿಗಳ ಮೂಲಕ ಕಂಪ್ಯೂಟರಿಗೆ ತುಂಬುತ್ತಾರೆ. ಯಾವ ಮೇವಿನಲ್ಲಿ ಎಷ್ಟು ಸತ್ವವಿದೆ ಎಂಬುದು ಯಾವ ಹಳ್ಳಿಯವರು ಕೇಳಿದರೂ ಸಿಗುತ್ತದೆ ಎಂದರು. ಕಂಪ್ಯೂಟರನ್ನು ಕಂಡೇ ಇರದ ನಾನು ಹಿಗ್ಗಿಹೋದೆ.

ಲೊಕ್ಕನಹಳ್ಳಿಯಲ್ಲಿ ಮಾದರಿ ಕೊಯ್ದದ್ದು ಮಾದಪ್ಪನ ಹೊಲದಲ್ಲಿ. ಏಳನೇ ತರಗತಿವರೆಗೆ ಓದಿದ್ದ, ಮೂವತ್ತರ ಆಸುಪಾಸಿನ ರೈತ. ನಾನು ಎಳೆಯ ಜೋಳದ ಕಟ್ಟು ಕಟ್ಟುತ್ತಿದ್ದಾಗ ಅವನ ತಾಯಿ ಪುಟ್ಟಮಾದಮ್ಮ ಹತ್ತಿರ ಬಂದರು.

"ಎಳೇ ಜೋಳಾನೂ ಕೂಳೇನೂ ದನಕ್ಕೆ ಮುಟ್ಟುಸ್ಬಾರ್ದು ಸಾ. ನಂಜು. ಅದ್ನೂ ಬರ್ಕಳಿ."

ಕೂಳೆ ಎಂದರೆ ಕೊಯ್ದ ಬುಡದಿಂದ ಮತ್ತೆ ಒಡೆಯುವ ಚಿಗುರು. ಅದರಲ್ಲೂ ಎಳೆಯ ಜೋಳದಲ್ಲೂ ಸಯನೈಡ್ ವಿಷ ಹುಟ್ಟುತ್ತದೆಂದು ಕಾಲೇಜಿನಲ್ಲಿ ನಾನೂ ಓದಿದ್ದೆ. ಆದರೆ ಫಾರಂನಲ್ಲಿ ತೇವಾಂಶಕ್ಕೆ, ಪ್ರೋಟೀನಿಗೆ, ನಾರಿಗೆ, ಬೂದಿಗೆ ಅಂಕಿ ತುಂಬುವ ಮನೆಗಳಿದ್ದವು, ವಿಷಕ್ಕಿರಲಿಲ್ಲ. "ಅದಕ್ಕೆ ಇದರಲ್ಲಿ ಜಾಗ ಇಲ್ಲಮ್ಮ" ಎಂದೆ. ಮೇಲಧಿಕಾರಿಯನ್ನು ಒಮ್ಮೆ ಕೇಳಿದೆ. "ಕೇಳಿದಷ್ಟು ಬರೀರಿ" ಎಂದರು. ಅಷ್ಟೇ ಬರೆದೆ.

ಎಂಟು ತಿಂಗಳ ಮೇಲೆ, ಅಂಚಿನುದ್ದಕ್ಕೂ ತೂತುಗಳಿದ್ದ ಉದ್ದನೆಯ ಕಾಗದದಲ್ಲಿ ಪಟ್ಟಿ ಬಂತು. ನಾನೇ ಅದನ್ನು ಕನ್ನಡಕ್ಕೆ ಇಳಿಸಿ, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆಸಿ ಹಂಚಿದೆ. ಪ್ರೋಟೀನ್ ಹೆಚ್ಚಿದ್ದ ಮೇವು ಮೊದಲು. ಎಳೆಯ ಹಸಿಜೋಳ ಮೂರನೆಯದು. ಲೊಕ್ಕನಹಳ್ಳಿಯಲ್ಲಿ ಜನ ಸೇರಿಸಿ ಓದಿ ಹೇಳಿದೆ. ಎಚ್ಚರಿಕೆಯ ಒಂದು ಸಾಲು ಸೇರಿಸಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಕಂಪ್ಯೂಟರ್ ಕೊಟ್ಟದ್ದಕ್ಕೆ ನನ್ನ ಮಾತು ಹಚ್ಚುವುದು ಅಂದು ಅಪಚಾರದಂತೆ ಕಂಡಿತ್ತು.

ಮುಂದಿನ ಬೆಳೆಯಲ್ಲಿ ಪಕ್ಕದ ಕಾಡಿನ ಆನೆಗಳು ಮಾದಪ್ಪನ ಜೋಳವನ್ನು ಬುಡದವರೆಗೆ ಮೇದು ಹೋದವು. ಒಂದು ಹದ ಮಳೆಗೆ ಬುಡಗಳು ಚಿಗುರಿದವು. ಪಟ್ಟಿ ನೋಡಿಕೊಂಡ ಮಾದಪ್ಪ, ಈ ಚಿಗುರೂ ಎಳೆಯ ಹಸಿಜೋಳವೇ ಎಂದುಕೊಂಡು ದನಗಳನ್ನು ಹೊಲಕ್ಕೆ ಬಿಟ್ಟ.

ಅವತ್ತು ನಾನು ಅದೇ ಊರಿನಲ್ಲಿ ಲಸಿಕೆ ಹಾಕುತ್ತಿದ್ದೆ. ಕೂಗು ಕೇಳಿ ಓಡಿದೆ. ಒಂದು ಎತ್ತು ಆಗಲೇ ಸತ್ತಿತ್ತು. ಅದರ ಜೊತೆಯ ಎತ್ತು, ಗಬ್ಬದ ಹಸು, ಎರಡೂ ಬಾಯಿ ತೆರೆದು ಏದುತ್ತಿದ್ದವು. ಆ ವಿಷಕ್ಕೆ ಕೊಡುವ ಥಯೋಸಲ್ಫೇಟ್ ಎಂಬ ಮದ್ದು ನನ್ನ ಪೆಟ್ಟಿಗೆಯಲ್ಲಿ ಒಂದೇ ದನಕ್ಕೆ ಸಾಲುವಷ್ಟಿತ್ತು.

"ಎತ್ಗಾಕಿ ಸಾ, ನಾ ಇಡ್ಕತೀನಿ" ಎಂದ ಮಾದಪ್ಪ.

ಹಸುವಿನಲ್ಲಿ ಎರಡು ಜೀವ ಎಂದುಕೊಂಡು ನಾನು ಅತ್ತ ತಿರುಗಿದೆ. ಅರ್ಧ ಮದ್ದು ಒಳಹೋಗುವಷ್ಟರಲ್ಲಿ ಹಸುವಿನ ಉಸಿರು ನಿಂತಿತು. ಉಳಿದರ್ಧವನ್ನು ಎತ್ತಿನ ಬಳಿಗೆ ಒಯ್ದಾಗ ಅದೂ ಕಾಲು ಚಾಚಿತ್ತು. ಮೊದಲೇ ಅದಕ್ಕೆ ಹಾಕಿದ್ದರೆ ಉಳಿಯುತ್ತಿತ್ತೇನೋ.

"ಬ್ಯಾಡ ಅಂತ ಬಡ್ಕಂಡ್ನಲ್ಲ ಕಣ್ಲಾ" ಎಂದು ಪುಟ್ಟಮಾದಮ್ಮ ಮಗನ ಬೆನ್ನಿಗೆ ಗುದ್ದಿದರು. ಅವನು ಜೇಬಿನಿಂದ ಪಟ್ಟಿ ತೆಗೆದು ನನ್ನ ಮುಂದೆ ಬಿಡಿಸಿದ.

"ಇದ್ರಲ್ಲಿ ಅದೆಯಲ್ಲಾ ಸಾ, ಮೂರ್ನೇದು?"

ಜಗಳಕ್ಕೆ ಕೇಳಿದ್ದಲ್ಲ. ತಾನು ಓದಿಕೊಂಡದ್ದು ಸರಿಯೋ ತಪ್ಪೋ ಎಂದು ಕೇಳಿದ್ದ.

ವಾರದೊಳಗೆ ವಿಚಾರಣೆಯಾಯಿತು. ಮೇಲಧಿಕಾರಿ ಪಟ್ಟಿಯ ಅಂಕಿಗಳನ್ನು ಪ್ರಯೋಗಾಲಯದ ಅಂಕಿಗಳೊಂದಿಗೆ ಹೋಲಿಸಿ ನೋಡಿದರು. "ಪ್ರೋಟೀನ್ ಸರಿಯಾಗೇ ಇದೆಯಲ್ರೀ. ಡಾಟಾದಲ್ಲಿ ತಪ್ಪಿಲ್ಲ. ಕಾರಣ: ರೈತನ ಅಜ್ಞಾನ ಅಂತ ಹಾಕಿ." ಹಾಕಿದೆ. ವರದಿಗೆ ಮನೆಯವರೊಬ್ಬರ ರುಜು ಬೇಕಿತ್ತು. ಮಾದಪ್ಪ ಓದಬಲ್ಲವನು. ಅವನಿಲ್ಲದ ಹೊತ್ತು ನೋಡಿ ಅವನ ತಾಯಿಯ ಬಳಿಗೆ ಹೋದೆ.

"ಏನ್ ಬರ್ದಿದ್ದೀರಿ ಸಾ?"

"ನಂಜಿನಿಂದ ಸತ್ತವು ಅಂತ, ಅಮ್ಮ."

"ಈಗ್ಲಾದ್ರೂ ಬರುದ್ರಲ್ಲ" ಎಂದು ಅವರು ಹೆಬ್ಬೆಟ್ಟು ಚಾಚಿದರು. ನಾನೇ ಅದಕ್ಕೆ ಶಾಯಿ ಹಚ್ಚಿ ಒತ್ತಿಸಿಕೊಂಡೆ.

ಆಮೇಲಿನ ನೌಕರಿಯಲ್ಲಿ, ಫಾರಂನಲ್ಲಿ ಮನೆಯಿಲ್ಲದ ಸಂಗತಿಗಳನ್ನು ಅಂಚಿನಲ್ಲಿ ಬರೆದು ಕಳುಹಿಸಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ತಿಳಿದದ್ದನ್ನು ಬರೆಯದೆ ಬಿಡುವುದೂ ಸುಳ್ಳು ಬರೆದಂತೆಯೇ ಎಂದು ನನಗೆ ಕಲಿಸಿದ್ದು ಮಾದಪ್ಪನ ಮೂರು ದನ. ಆದರೂ ಆ ವರದಿಯನ್ನು ತಿದ್ದಲು ನಾನು ಎಂದೂ ಕೇಳಲಿಲ್ಲ. ಅದರಲ್ಲಿ ಅವನು ಇವತ್ತಿಗೂ ಅಜ್ಞಾನಿ.