ಗೇಟಿನಲ್ಲಿ ನಿಲ್ಲದ ಮರಿ

ನಾನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನಮ್ಮತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಹೊಗಳಿಕೆಯಲ್ಲ. ಒಲೆಯ ಮೇಲೆ ಅನ್ನಕ್ಕಿಟ್ಟು ಹಿತ್ತಲಿಗೆ ಹೋಗುತ್ತೇನೆ, ಹಿತ್ತಲನ್ನು ಅರ್ಧ ಗುಡಿಸುವಷ್ಟರಲ್ಲಿ ಹಿಪ್ಪುನೇರಳೆ ತೋಟಕ್ಕೆ ನೀರು ಹಾಯುತ್ತಿದೆಯೋ ಇಲ್ಲವೋ ನೋಡಿಬರೋಣ ಅನ್ನಿಸುತ್ತದೆ, ಅಲ್ಲಿಂದ ಬರುವಷ್ಟರಲ್ಲಿ ಅನ್ನ ತಳ ಹಿಡಿದಿರುತ್ತದೆ. ಮದುವೆಯಾದ ಹೊಸದರಲ್ಲಿ ನರಸಾಪುರದ ಒಂದು ಕಂಪನಿಗೆ ಕೆಲಸಕ್ಕೆ ಸೇರಿದ್ದೆ. ಕೆಲಸ ಕಷ್ಟದ್ದೇನಲ್ಲ. ಆದರೆ ಶಿಫ್ಟು ಮುಗಿಯುವ ತನಕ ಒಂದೇ ಜಾಗದಲ್ಲಿ ನಿಂತಿರಬೇಕು, ಪಕ್ಕಕ್ಕೆ ಸರಿಯುವ ಹಾಗಿಲ್ಲ. ನನಗೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ಒಂದು ಬೆಳಿಗ್ಗೆ ಕಂಪನಿ ಬಸ್ಸು ಬಂದು ಹಾರ್ನ್ ಹೊಡೆದೇ ಹೊಡೆಯಿತು, ನಾನು ಹತ್ತಲಿಲ್ಲ. ಗಂಡ ಅದೇ ಬಸ್ಸಿನಲ್ಲಿ ಇವತ್ತಿಗೂ ಹೋಗಿಬರುತ್ತಾರೆ, ಅವರಿಗೆ ನಿಲ್ಲುವುದು ಬರುತ್ತದೆ.

ನಮ್ಮೂರಿಗೂ ವೇಮಗಲ್ಲಿಗೂ ನಡುವಿನ ದಿನ್ನೆಯ ಮೇಲೆ ರೇಸ್ ಕುದುರೆಗಳನ್ನು ಬೆಳೆಸುವ ಫಾರಂ ಒಂದಿದೆ. ಅಲ್ಲಿಯ ಕುದುರೆಗಳಿಗೆ ನಮ್ಮ ಹೊಲದಿಂದಲೇ ಕುದುರೆಮಸಾಲೆ ಸೊಪ್ಪು ಹೋಗುತ್ತಿತ್ತು. ಸೊಪ್ಪಿನ ಹೊರೆ ಹೊತ್ತುಕೊಂಡು ಹೋದವಳು ಅಲ್ಲೇ ಮರಿಗಳನ್ನು ನೋಡುತ್ತ ನಿಂತುಬಿಡುತ್ತಿದ್ದೆ. ನಿಂತುಬಿಡುತ್ತಿದ್ದೆ ಅನ್ನುವುದು ಸುಳ್ಳು, ಬೇಲಿಯುದ್ದಕ್ಕೂ ಅವುಗಳ ಜೊತೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಕುದುರೆ ಪಳಗಿಸುವ ಮೇಸ್ತ್ರಿ ಅದನ್ನು ಗಮನಿಸಿದರು. ಮುಳಬಾಗಿಲು ಕಡೆಯವರು, ಜನರ ಜೊತೆ ಕನ್ನಡ, ಕುದುರೆಗಳ ಜೊತೆ ತೆಲುಗು. "ಸುಮ್ನೆ ಓಡಾಡೋ ಬದ್ಲು ಒಂದು ಹಗ್ಗ ಹಿಡ್ಕೊಂಡು ಓಡಾಡಮ್ಮ, ಸಂಬಳಾನಾದ್ರೂ ಬರ್ತದೆ" ಅಂದರು. ಮಾರನೆಯ ದಿನದಿಂದ ನಾನು ಅಲ್ಲಿ ಕೆಲಸದವಳಾದೆ.

ನನಗೆ ಇನ್ನೊಂದು ಕೆಟ್ಟ ಅಭ್ಯಾಸವಿದೆ. ಕೈಕಾಲು ಆಡಿಸಲು ಜಾಗವಿಲ್ಲದಿದ್ದರೆ ಬಾಯಿ ಆಡುತ್ತದೆ. ಮಾತಲ್ಲ, ಶಿಳ್ಳೆ. ಹಾಡಿನ ಧಾಟಿಯೂ ಅಲ್ಲ. ಕೆಳಗಿನಿಂದ ಶುರುವಾಗಿ, ನಡುವೆ ಬಿಕ್ಕಳಿಸಿದಂತೆ ಒಮ್ಮೆ ನಿಂತು, ಆಮೇಲೆ ಉದ್ದಕ್ಕೆ ಮೇಲೇರುವ ಒಂದೇ ಒಂದು ಶಿಳ್ಳೆ, ಮತ್ತೆ ಮತ್ತೆ. ಯಾವಾಗ ಕಲಿತೆನೋ ನೆನಪಿಲ್ಲ. ಅತ್ತೆಗೆ ಇದು ಕೇಳಿಸಿದರೆ ಮುಗಿಯಿತು. "ಹುಳದ ಮನೆ ಮುಂದೆ ಸಿಳ್ಳೆ ಹಾಕ್ತೀಯಲ್ಲೇ, ಹಾವು ಬರ್ತದೆ ಕಣೇ! ಹೆಂಗಸ್ರು ಬಾಯಿಂದ ಬರೋ ಸದ್ದಾ ಅದು?" ರೇಷ್ಮೆಹುಳು ಪೊರೆ ಬಿಡಲು ನಾಲ್ಕನೇ ಜ್ವರಕ್ಕೆ ಕೂತಿರುವಾಗ ನಾನು ಶಿಳ್ಳೆ ಹಾಕಿದ್ದಕ್ಕೇ ಒಂದು ಬೆಳೆ ಹಾಳಾಯಿತು ಎಂದು ಅವರು ಈಗಲೂ ಸಾಧಿಸುತ್ತಾರೆ. ಹೀಗಿರುವಾಗ ಫಾರಂನಲ್ಲಿ ನನಗೆ ಸಿಕ್ಕ ಕೆಲಸಗಳಲ್ಲಿ ಒಂದು ಶಿಳ್ಳೆ ಹಾಕುವುದು. ನಂಬಿ. ಹಸುಗೂಸನ್ನು ಕಾಲ ಮೇಲೆ ಕೂರಿಸಿಕೊಂಡು ತಾಯಂದಿರು ಸ್ಸ್ ಅನ್ನುವುದಿಲ್ಲವೇ, ಹಾಗೆ ಕುದುರೆ ಉಚ್ಚೆ ಹೊಯ್ಯಲೆಂದು ಶಿಳ್ಳೆ ಹಾಕುತ್ತಾರೆ. ರೇಸು ಮುಗಿದ ಮೇಲೆ ಮದ್ದು ಕೊಟ್ಟಿದ್ದಾರೋ ಎಂದು ನೋಡುವ ಪರೀಕ್ಷೆಗೆ ಅದನ್ನು ಹಿಡಿಯಬೇಕಾಗುತ್ತದೆಯಂತೆ, ಅದಕ್ಕೆ ಮರಿಯಿದ್ದಾಗಲೇ ರೂಢಿ ಮಾಡಿಸುತ್ತಾರೆ. ಮನೆಯಲ್ಲಿ ಬೈಸಿಕೊಳ್ಳುವ ಬಾಯಿಗೆ ಇಲ್ಲಿ ಸಂಬಳ. ಈ ವಿಷಯ ನಾನು ಮನೆಯಲ್ಲಿ ಬಹಳ ಕಾಲ ಹೇಳಲಿಲ್ಲ.

ನನ್ನ ಪಾಲಿಗೆ ಬಂದ ಮರಿ ಕಂದು ಬಣ್ಣದ ಗಂಡು, ಹಿಂಗಾಲೊಂದರಲ್ಲಿ ಮಾತ್ರ ಕಾಲುಚೀಲ ಹಾಕಿದಂತೆ ಬಿಳಿ. ಫಾರಂನಲ್ಲಿ ಮರಿಗಳಿಗೆ ಹೆಸರಿರುವುದಿಲ್ಲ, ಹೆಸರಿಡುವವರು ಬೆಂಗಳೂರಿನಲ್ಲಿರುತ್ತಾರೆ. ನಾನು ಮರಿ ಎಂದೇ ಕರೆಯುತ್ತಿದ್ದೆ, ಅವನು ನನಗಿಂತ ಎತ್ತರವಾದ ಮೇಲೂ. ಲಾಯದಲ್ಲಿ ಗಿರಕಿ ಹೊಡೆಯುವನು, ಬಾಗಿಲಿನ ಚಿಲಕ ನೆಕ್ಕುವನು, ಬಕೆಟ್ಟು ಒದೆಯುವನು, ಹಲ್ಲಿ ಕಂಡರೂ ಹೌಹಾರುವನು. "ಇವ್ನು ನಿನ್ ತಮ್ಮನೇ ಬಿಡಮ್ಮ" ಎಂದು ಮೇಸ್ತ್ರಿ ನಗುತ್ತಿದ್ದರು. ನನಗೆ ಕೋಪ ಬರುತ್ತಿರಲಿಲ್ಲ. ಒಳಗೊಳಗೇ ಖುಷಿಯಾಗುತ್ತಿತ್ತು.

ಮಳೆಗಾಲ ಕಳೆದ ಮೇಲೆ ಪಳಗಿಸುವ ಕೆಲಸ ಶುರುವಾಯಿತು. ಮೊದಲು ಉದ್ದದ ಹಗ್ಗ ಕಟ್ಟಿ ಸುತ್ತ ಓಡಿಸುವುದು. ಆಮೇಲೆ ಬಾಯಿಗೆ ಕಬ್ಬಿಣದ ಕಡಿವಾಣ. ಅದನ್ನು ಅವನು ಹಗಲೆಲ್ಲ ಜಗಿದ, ತಾಂಬೂಲದ ರುಚಿ ಹತ್ತಿದವರ ಹಾಗೆ. ಹೊಟ್ಟೆಗೆ ಪಟ್ಟಿ ಬಿಗಿದ ದಿನ ಮಾತ್ರ ನಾಲ್ಕು ಕಾಲೂ ನೆಲ ಬಿಟ್ಟಿದ್ದವು. ಮೇಸ್ತ್ರಿ ಗಾಬರಿಯಾಗಲಿಲ್ಲ. "ರಾ ನಾನ್ನಾ, ಏಮೀ ಕಾದು" ಅನ್ನುತ್ತಲೇ ಇದ್ದರು, ಬಾರಪ್ಪ ಏನೂ ಆಗಲ್ಲ ಅಂತ. ಜೀನು ಹೊತ್ತ, ಜೀನಿನ ಮೇಲೆ ಅಡ್ಡ ಮಲಗಿದ ಸವಾರನನ್ನು ಹೊತ್ತ, ಕೊನೆಗೆ ನೆಟ್ಟಗೆ ಕೂತವನನ್ನೂ ಹೊತ್ತ. ಓಡಲು ಬಿಟ್ಟರೆ ಉಳಿದ ಮರಿಗಳು ದೂಳು ಕುಡಿಯಬೇಕು. ಪ್ರತಿದಿನ ಕೆಲಸ ಮುಗಿಸಿ ಬಂದಮೇಲೆ ಜೀನು ತೆಗೆದು, ಮೈ ತೊಳೆದು, ಹೊಸ ಹುಲ್ಲು ಹಾಸಿದ ಲಾಯದಲ್ಲಿ ನಿಲ್ಲಿಸಿ ನಾನು ಶಿಳ್ಳೆ ಹಾಕುತ್ತಿದ್ದೆ. ಅವನು ತಲೆ ಇಳಿಬಿಟ್ಟು, ಹಿಂಗಾಲು ಚಾಚಿ, ಹೊಯ್ದು, ಉದ್ದಕ್ಕೆ ಒಂದು ಉಸಿರು ಬಿಡುವನು. ಇಡೀ ದಿನದಲ್ಲಿ ನಾವಿಬ್ಬರೂ ಸುಮ್ಮನಿರುತ್ತಿದ್ದ ಹೊತ್ತು ಅದೊಂದೇ.

ಎಲ್ಲ ಸರಿಹೋಯಿತು ಅನ್ನುವಾಗ ಗೇಟು ಬಂತು.

ರೇಸು ಶುರುವಾಗುವುದು ಗೇಟಿನಿಂದ. ಕಬ್ಬಿಣದ ಕಂಬಿಗಳ ನಡುವೆ ಕುದುರೆಗೊಂದರಂತೆ ಇಕ್ಕಟ್ಟಿನ ಗೂಡು, ಒಳಗೆ ಹೋದಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ, ಮುಂದಿನದು ಮುಚ್ಚಿಯೇ ಇರುತ್ತದೆ. ಎಲ್ಲ ಕುದುರೆಗಳೂ ಬಂದು ನಿಲ್ಲುವ ತನಕ ಅಲ್ಲಿ ಅಲುಗಾಡದೆ ನಿಲ್ಲಬೇಕು. ಅಭ್ಯಾಸಕ್ಕೆಂದು ಫಾರಂನಲ್ಲೂ ಅಂಥದೊಂದು ಗೇಟಿತ್ತು. ಬಾಗಿಲುಗಳೆಲ್ಲ ತೆರೆದಿದ್ದರೆ ಮರಿ ಅದರೊಳಗೆ ಹಾದುಹೋಗುತ್ತಿದ್ದ. ಹಿಂದಿನ ಬಾಗಿಲು ಮುಚ್ಚುವ ಸದ್ದಾಯಿತೋ, ಹುಚ್ಚನಾಗುತ್ತಿದ್ದ. ಎದ್ದು ನಿಲ್ಲುವುದು, ಹಿಂದಕ್ಕೆ ಒದೆಯುವುದು, ಕಂಬಿಗೆ ಮೈ ಉಜ್ಜಿಕೊಂಡು ಚರ್ಮ ಕಿತ್ತುಕೊಳ್ಳುವುದು. ಕಣ್ಣಿಗೆ ಮರೆ ಕಟ್ಟಿ ನೋಡಿದರು, ಗೂಡಿನೊಳಗೇ ಹುರುಳಿ ಇಟ್ಟು ನೋಡಿದರು. ಹುರುಳಿ ಚೆಲ್ಲಾಪಿಲ್ಲಿಯಾಯಿತು.

ಫಾರಂ ನೋಡಿಕೊಳ್ಳುವ ಸಾಹೇಬರು ಕೆಟ್ಟವರಲ್ಲ, ಆದರೆ ಸುತ್ತಿಬಳಸಿ ಮಾತಾಡುವವರೂ ಅಲ್ಲ. ಸಂಕ್ರಾಂತಿ ಆದಮೇಲೆ ಬೆಂಗಳೂರಿನ ಲಾರಿ ಬರುತ್ತದೆ, ಅಷ್ಟರಲ್ಲಿ ಗೇಟಿನಲ್ಲಿ ನಿಂತರೆ ಸರಿ, ಇಲ್ಲದಿದ್ದರೆ ಮದುವೆ ಮೆರವಣಿಗೆಯ ಸಾರೋಟು ಇಟ್ಟುಕೊಂಡವರೊಬ್ಬರು ಕೇಳುತ್ತಿದ್ದಾರೆ, ಕೊಟ್ಟುಬಿಡುವುದು ಎಂದರು. ಕೋಲಾರದ ಕಲ್ಯಾಣ ಮಂಟಪವೊಂದರ ಮುಂದೆ ಅಂಥ ಕುದುರೆಯೊಂದನ್ನು ನೋಡಿದ್ದೆ. ಒಂದು ಕಡೆ ಬ್ಯಾಂಡು, ಇನ್ನೊಂದು ಕಡೆ ಪಟಾಕಿ, ಹಣೆಗೆ ಜರಿಯ ಕುಚ್ಚು, ಕಣ್ಣು ಮಾತ್ರ ಯಾವುದನ್ನೂ ನೋಡುತ್ತಿರಲಿಲ್ಲ. ಹಲ್ಲಿಗೆ ಹೆದರುವ ನನ್ನ ಮರಿ ಅಲ್ಲಿ ಒಂದು ವಾರವೂ ಉಳಿಯುವುದಿಲ್ಲ. ರೇಸೇನು ಸ್ವರ್ಗವಲ್ಲ, ಅದೂ ನನಗೆ ಗೊತ್ತಿತ್ತು. ಆದರೆ ಅಲ್ಲಿ ಓಡಲಾದರೂ ಬಿಡುತ್ತಾರೆ. ಅವನು ಬೆಂಗಳೂರಿಗೆ ಹೋಗಬೇಕು ಎಂದು ಹರಕೆ ಹೊತ್ತೆ. ಹೋದರೆ ನಾನೇನು ಮಾಡಲಿ ಎಂಬುದು ಬೇರೆ ಸಂಕಟ. ಆ ದಿನಗಳಲ್ಲಿ ಮನೆಯಲ್ಲಿ ಒಂದು ದಿನವೂ ಅನ್ನ ನೆಟ್ಟಗಾಗಲಿಲ್ಲ.

ಲಾರಿ ಬರುವುದು ಹತ್ತಿರವಾಗಿತ್ತು. ಅವತ್ತು ಬೆಳಿಗ್ಗೆ ಮರಿಯನ್ನು ಮತ್ತೆ ಗೇಟಿಗೆ ತಂದರು. ನಾನು ಮುಂದಿನ ಬಾಗಿಲಿನ ಆಚೆ ನಿಂತಿದ್ದೆ. ಅಲುಗಾಡಬೇಡ, ನಿನ್ನ ನೋಡಿ ಅವನೂ ಕುಣಿಯುತ್ತಾನೆ ಎಂದು ಮೇಸ್ತ್ರಿ ಗದರಿದ್ದರು. ಕೈ ಕಟ್ಟಿಕೊಂಡೆ, ಕಾಲು ನೆಲಕ್ಕೊತ್ತಿಕೊಂಡೆ. ಹಿಂದಿನ ಬಾಗಿಲು ಧಡಾರನೆ ಮುಚ್ಚಿತು. ಮರಿಯ ಕಣ್ಣಿನ ಬಿಳಿ ಕಂಡಿತು, ಮುಂಗಾಲು ಎತ್ತಿದ, ನನಗೆ ತಡೆಯಲಾಗಲಿಲ್ಲ. ನನಗೇ ಗೊತ್ತಿಲ್ಲದೆ ಬಾಯಿಂದ ಶಿಳ್ಳೆ ಬಂತು.

ಎತ್ತಿದ ಕಾಲು ಕೆಳಗಿಳಿಯಿತು. ತಲೆ ಬಗ್ಗಿತು. ಹಿಂಗಾಲು ಚಾಚಿ, ಮೇಲೆ ಸವಾರ ಕೂತಿರುವಾಗಲೇ, ಗೇಟಿನೊಳಗೇ ಧಾರಾಳವಾಗಿ ಹೊಯ್ದ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಸಾಹೇಬರೂ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. "ನಿಲ್ಲಿಸಬೇಡಮ್ಮ, ಹಾಕ್ತಾ ಇರು" ಅಂದರು. ಹಾಕಿದೆ. ಮರಿ ಕೆಲಸ ಮುಗಿಸಿ, ಉದ್ದಕ್ಕೆ ಉಸಿರು ಬಿಟ್ಟು, ಕಂಬಿಗಳ ನಡುವೆ ಸುಮ್ಮನೆ ನಿಂತ. ಕೆಲಸ ಮುಗಿಯಿತು, ಜೀನು ತೆಗೆಯುತ್ತಾರೆ ಅಂದುಕೊಂಡನೋ ಏನೋ. ಮುಂದಿನ ಬಾಗಿಲು ತೆರೆದಾಗ ಬಾಣದಂತೆ ಹೊರಟುಹೋದ. ಅವತ್ತಿನಿಂದ ಲಾರಿ ಬರುವ ದಿನದ ತನಕ ಗೇಟಿನ ಮುಂದೆ ನಾನು ಶಿಳ್ಳೆ ಹಾಕುತ್ತಿದ್ದೆ, ಅವನು ನಿಲ್ಲುತ್ತಿದ್ದ. ಲಾರಿ ಬಂತು. ಹಲಗೆಯ ಮೇಲೆ ಹತ್ತಿಸಿದವಳೂ ನಾನೇ. ಹಗ್ಗ ಬೇರೆಯವರ ಕೈಗೆ ಕೊಟ್ಟು, ತಿರುಗಿ ನೋಡದೆ ಮನೆಗೆ ಬಂದು ಹುಳದ ತಟ್ಟೆಗಳನ್ನೆಲ್ಲ ತೊಳೆದೆ. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆಯುತ್ತಿದ್ದೇನೆ ಎಂದು ಅತ್ತೆ ಹೇಳಿದ ಮೇಲೆಯೇ ಗೊತ್ತಾದದ್ದು.

ಮಾವು ಕಾಯಿಕಟ್ಟುವ ಹೊತ್ತಿಗೆ ಒಂದು ಸಂಜೆ ಬೆಂಗಳೂರಿನಿಂದ ಫೋನು ಬಂತು. ಮರಿಯನ್ನು ಈಗ ನೋಡಿಕೊಳ್ಳುವ ಸೈಸ್, ಮೇಸ್ತ್ರಿಯಿಂದ ನನ್ನ ನಂಬರು ತೆಗೆದುಕೊಂಡಿದ್ದ.

"ಅಕ್ಕಾ, ಇವ್ನು ಗೇಟಲ್ಲಿ ನಿಲ್ತಾ ಇಲ್ಲ. ಮೇಸ್ತ್ರಿ ಸಿಳ್ಳೆ ಹಾಕು ಅಂದ್ರು. ನಾನ್ ಹಾಕಿದ್ರೆ ಕಿವಿ ಕೂಡ ಆಡ್ಸಲ್ಲ. ನಾಳೆ ಬೆಳಿಗ್ಗೆ ಟೆಸ್ಟು. ನಾಳೇನೂ ಫೇಲಾದ್ರೆ ವಾಪಸ್ ಕಳ್ಸಿಬಿಡಿ ಅಂತ ಹೇಳವ್ರೆ ಅಕ್ಕಾ."

ವಾಪಸ್ಸೆಂದರೆ ಎಲ್ಲಿಗೆ ಎಂದು ನನಗೆ ಗೊತ್ತಿತ್ತು. ಜರಿಯ ಕುಚ್ಚು ಕಣ್ಣ ಮುಂದೆ ಬಂತು.

"ನೀವು ಹಾಕೋದನ್ನ ವಾಟ್ಸಾಪಲ್ಲಿ ಕಳ್ಸಿ. ಕೇಳ್ಕೊಂಡು ರಾತ್ರಿ ಕಲ್ತುಬಿಡ್ತೀನಿ" ಅಂದ.

ಅಷ್ಟೇ ಕೆಲಸ. ಹುಟ್ಟಿದಾಗಿನಿಂದ ಬೇಡವೆಂದರೂ ಬರುತ್ತಿದ್ದ ಶಿಳ್ಳೆ. ಹುಳದ ಮನೆಯ ಜಗಲಿಯ ಮೇಲೆ ನಿಂತು ಫೋನನ್ನು ಬಾಯಿಗೆ ಹಿಡಿದೆ, ತುಟಿ ಕೂಡಿಸಿದೆ. ಬರೀ ಗಾಳಿ. ನೀರು ಕುಡಿದೆ. ಗಾಳಿ. ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದೆ. ತುಟಿ ನಡುಗುತ್ತಿತ್ತು, ಅಳು ಬರುತ್ತಿತ್ತು, ಅಳುವ ಬಾಯಲ್ಲಿ ಶಿಳ್ಳೆ ಹೇಗೆ ಬರಬೇಕು? ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ ಫೋನನ್ನು ಎತ್ತಿ ಬಿಸಾಡುವುದರಲ್ಲಿದ್ದೆ.

ಅತ್ತೆ ಒಳಗೆ ಸೊಪ್ಪು ಹೆಚ್ಚುತ್ತಿದ್ದವರು ಎದ್ದು ಬಂದರು. ಫೋನಿನ ಸ್ಪೀಕರಿನಲ್ಲಿ ಬಂದ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವರು ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಚೊಂಬಿನ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಸೆರಗಿನಿಂದ ತುಟಿ ಒರೆಸಿಕೊಂಡರು.

"ತಾ ಇಲ್ಲಿ. ಎಲ್ಲಿ ಒತ್ಬೇಕು ತೋರ್ಸು."

ತೋರಿಸಿದೆ. ಅತ್ತೆ ಶಿಳ್ಳೆ ಹಾಕಿದರು. ಕೆಳಗಿನಿಂದ ಶುರುವಾಗಿ, ನಡುವೆ ಬಿಕ್ಕಳಿಸಿದಂತೆ ನಿಂತು, ಉದ್ದಕ್ಕೆ ಮೇಲೇರಿತು. ನನ್ನದೇ ಶಿಳ್ಳೆ. ನನ್ನದಕ್ಕಿಂತ ನುಣುಪು.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಏನ್ ಹಂಗ್ ನೋಡ್ತೀಯ? ದಿನಾ ಕೇಳಿ ಕೇಳಿ ಕಿವಿ ತೂತಾಗೈತೆ, ಅದು ಬರಲ್ವಾ?" ಅಂದರು. ಚೊಂಬು ಎತ್ತಿಟ್ಟು, ನನ್ನ ಕಡೆ ನೋಡದೆ ಹೇಳಿದರು: "ನಮ್ ತೌರು ಯಲ್ದೂರಲ್ಲಿ ಮಾವಿನ ತೋಪು ಕಾಯೋವಾಗ ನಾನೊಂದು ಸಿಳ್ಳೆ ಹಾಕಿದ್ರೆ ಆ ಕಡೆ ಬೇಲಿಯಿಂದ ನಮ್ಮಣ್ಣ ಓಡ್ಬರ್ತಿದ್ದ. ಮದ್ವೆ ಆಗಿ ಬಂದ್ಮೇಲೆ ಬಿಡ್ಸಿದ್ರು."

"ಯಾರು ಅತ್ತೆ?"

"ಯಾರು ಅಂದ್ರೆ? ನಮ್ಮತ್ತೆ."

ಮಾರನೆಯ ದಿನ ಬೆಳಿಗ್ಗೆ ನಾನು ಎಲ್ಲೂ ನಿಲ್ಲಲಿಲ್ಲ, ಕೂರಲಿಲ್ಲ. ಹಾಲು ಉಕ್ಕಿತು. ಫೋನಿಗೆ ಒಂದು ಪುಟ್ಟ ವಿಡಿಯೋ ಬಂದಾಗ ತೋಟದ ತುದಿಯಲ್ಲಿದ್ದೆ. ಕಂಬಿಗಳ ನಡುವೆ ಒಂದು ಕಂದು ತಲೆ, ಇಳಿಬಿಟ್ಟ ಕಿವಿ, ಹಿಂದೆಲ್ಲೋ ನಮ್ಮತ್ತೆಯ ಶಿಳ್ಳೆ ಸೈಸ್‌ನ ಬಾಯಲ್ಲಿ. ಬಾಗಿಲು ಮುಚ್ಚಿತು. ಅವನು ನಿಂತೇ ಇದ್ದ. ಬಿಸಿಲಿನಲ್ಲಿ ಮನೆಯ ತನಕ ಓಡಿದೆ. ಅತ್ತೆ ಅದನ್ನು ಮೂರ್ನಾಲ್ಕು ಸಲ ಹಾಕಿಸಿಕೊಂಡು ನೋಡಿದರು. "ನಡುವೆ ಬಿಕ್ಕಳಿಕೆ ಸರಿಯಾಗಿ ಬರಲ್ಲ ಅವ್ನಿಗೆ" ಎಂದು ತಪ್ಪು ಹುಡುಕಿದರು.

ಅವನ ಮೊದಲ ರೇಸನ್ನು ನಾವಿಬ್ಬರೂ ಹುಳದ ಮನೆಯ ಜಗಲಿಯಲ್ಲಿ ಫೋನಿನಲ್ಲಿ ನೋಡಿದೆವು. ಅತ್ತೆ ಕೂತಿದ್ದರು, ನಾನು ಫೋನನ್ನು ಅವರ ಕೈಗೆ ಕೊಟ್ಟು ಅವರ ಬೆನ್ನ ಹಿಂದೆ ಓಡಾಡುತ್ತಿದ್ದೆ. ಕುದುರೆಗಳು ಒಂದೊಂದಾಗಿ ಗೇಟಿನೊಳಗೆ ಹೋದವು. ಬಿಳಿ ಕಾಲುಚೀಲದವನು ಒಳಗೆ ಹೋದ. ಹಿಂದಿನ ಬಾಗಿಲು ಮುಚ್ಚಿದರು. ಸದ್ದು ಕೇಳಿಸುವಷ್ಟು ಹತ್ತಿರ ನಾವಿರಲಿಲ್ಲ, ಶಿಳ್ಳೆ ಅವನಿಗೆ ಮುಟ್ಟುವಷ್ಟು ಹತ್ತಿರ ಮೊದಲೇ ಇಲ್ಲ. ಆದರೂ ಅತ್ತೆಯ ತುಟಿ ಮುಂದಕ್ಕೆ ಬಂತು, ಹುಳದ ಮನೆಯ ಮುಂದೆ, ಹಾವಿನ ಭಯವಿಲ್ಲದೆ, ಆ ಶಿಳ್ಳೆ ಕೇಳಿತು. ನಾನೂ ಸೇರಿಕೊಂಡೆ.

ಗೇಟು ತೆರೆಯಿತು. ಎಲ್ಲವೂ ಒಟ್ಟಿಗೆ ಹೊರಬಿದ್ದವು, ಯಾವುದು ನಮ್ಮದು ಎಂದು ಆಮೇಲೆ ಗುರುತೇ ಸಿಗಲಿಲ್ಲ. ನಾನು ಫೋನಿಗೆ ಕೈ ಹಾಕಿದೆ. ಅತ್ತೆ ಕೊಡಲಿಲ್ಲ. ಫೋನನ್ನು ಮಡಿಲಲ್ಲಿ ಮಗುಚಿ ಹಾಕಿ, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದರು.

"ಅವ್ನು ನಿಂತ್ನಲ್ಲ. ಇನ್ನ ನೀನು ಕೂತ್ಕೋ" ಅಂದರು.

ನಾನು ಕೂತೆ.