ಕೆಂಪು ಉಂಗುರದ ಸ್ಲೈಡು

ಹತ್ತನೇ ಕ್ಲಾಸು ಪಾಸಾದಾಗ ನನಗೆ ಇಪ್ಪತ್ತನಾಲ್ಕು ವರ್ಷ, ಪಿಎಚ್.ಡಿ.ಗೆ ಸೇರಿದಾಗ ನಲವತ್ತೊಂದು. ಕಲ್ಲು ಕರಗಿಸುವ ಕೆಲಸವನ್ನು ನನಗೆ ಕಲಿಸಿದವರು ಪ್ರೊಫೆಸರ್ ಅಲ್ಲ, ಲ್ಯಾಬಿನ ಅಟೆಂಡರ್. ಹಲಸೂರಿನವರು, ಮನೆಮಾತು ತಮಿಳು. ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ತಂಬಿ ಎನ್ನುತ್ತಿದ್ದರು.

ಕಲ್ಲಿನ ಪುಡಿಯನ್ನು ಆಸಿಡ್‌ಗೆ ಹಾಕಿದರೆ ಕಲ್ಲು ಹೋಗಿ, ಒಳಗಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪುಗಳು ಉಳಿಯುತ್ತವೆ. ಅವುಗಳಲ್ಲಿ ಡೈನೋಫ್ಲಾಜೆಲೇಟ್ ಎಂಬ ಸಮುದ್ರಜೀವಿಯದೂ ಇರುತ್ತದೆ. ಒಂದೇ ಕೋಶದ ಜೀವಿ ಅದು. ಕಷ್ಟಕಾಲ ಬಂದಾಗ ಸುತ್ತ ಗಟ್ಟಿ ಚಿಪ್ಪು ಕಟ್ಟಿಕೊಂಡು ಕೆಸರಿನಲ್ಲಿ ಮಲಗುತ್ತದೆ. ಕಾಲ ಸರಿಯಾದ ಮೇಲೆ ಚಿಪ್ಪಿನಲ್ಲಿ ಒಂದು ಕಿಟಕಿ ತೆರೆದು ಹೊರಟುಹೋಗುತ್ತದೆ. ಕೋಟ್ಯಂತರ ವರ್ಷಗಳ ನಂತರ ನಮಗೆ ಸಿಗುವುದು ಆ ಖಾಲಿ ಚಿಪ್ಪು. ಕಿಟಕಿ ಎಲ್ಲಿದೆ, ಯಾವ ಆಕಾರದ್ದು, ಕೊಂಬುಗಳೆಷ್ಟು ಎಂದು ನೋಡಿ ಯಾವ ಕುಲ, ಯಾವ ಪ್ರಭೇದ ಎಂದು ಹೇಳಬೇಕು.

ಆಸಿಡ್ ತಾಗಿ ಅಣ್ಣನ ಎಡಗೈ ತೋರುಬೆರಳಿನ ಉಗುರು ಹೋಗಿತ್ತು, ಮತ್ತೆ ಬರಲಿಲ್ಲ. ಅವರು ಕರಗಿಸಿಕೊಟ್ಟ ಕಲ್ಲುಗಳಿಂದ ಎಷ್ಟೋ ಜನ ಡಾಕ್ಟರೇಟ್ ಪಡೆದಿದ್ದರು. ಒಂದು ದಿನ ಲೈಬ್ರರಿಯಲ್ಲಿ ಆ ಪ್ರಬಂಧಗಳ ಕೃತಜ್ಞತೆಯ ಪುಟಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ದೇವರಿಗೆ, ಅತ್ತೆ ಮಾವನಿಗೆ, ಟೈಪು ಮಾಡಿದವರಿಗೆ ಧನ್ಯವಾದ ಇತ್ತು. ಅಣ್ಣನ ಹೆಸರು ಒಂದರಲ್ಲೂ ಇರಲಿಲ್ಲ.

ಅವರು ರಿಟೈರ್ ಆಗುವ ಮುಂಚಿನ ವಾರ ಕರಗಿಸಿದ ಕಲ್ಲಿನಲ್ಲಿ ನನಗೆ ಒಂದು ಹೊಸ ಬಗೆಯ ಚಿಪ್ಪು ಸಿಕ್ಕಿತು. ಒಂದು ಕೊಂಬು ಉದ್ದ, ಇನ್ನೊಂದು ಮೊಂಡು. ಯಾವ ಪುಸ್ತಕದಲ್ಲೂ ಅದರಂಥದ್ದು ಇರಲಿಲ್ಲ. ನಾಲ್ಕು ಚಿಪ್ಪು ಸಿಕ್ಕವು, ಮೂರು ಹರಿದಿದ್ದವು. ಸರಿಯಾಗಿದ್ದದ್ದು ಒಂದೇ. ಮುಂದಿನ ಭಾನುವಾರ ಹಲಸೂರಿಗೆ ಹೋಗಿ ಹೇಳಿದೆ.

"ಅಣ್ಣ, ಹೊಸ ಜಾತಿ ಸಿಕ್ಕಿದೆ. ನಿಮ್ಮ ಹೆಸರೇ ಇಡ್ತೀನಿ."

"ಯಾವುದಕ್ಕೆ, ಹುಳಕ್ಕಾ?"

"ಹುಳ ಅಲ್ಲ. ಪಾಚಿ ಥರ."

"ಪಾಚಿನಾ? ನಮ್ಮನೆ ಬಾತ್‌ರೂಮಲ್ಲೇ ಬೇಕಾದಷ್ಟಿದೆ, ಬಂದು ಹೆಸರಿಡು."

ನಕ್ಕರು. ಆದರೆ ಒಳಗೆ ಹೋಗಿ ಹೆಂಡತಿಗೆ ತಮಿಳಿನಲ್ಲಿ ಹೇಳಿದ್ದು ನನಗೆ ಕೇಳಿಸಿತು, ಎರಡು ಸಲ ಹೇಳಿದರು. ಆಮೇಲೆ ನಾನು ಹೋದಾಗಲೆಲ್ಲ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು: "ಏನಂತೆ ನನ್ನ ಪಾಚಿ?"

ಸ್ಲೈಡಿನ ಮೇಲೆ ಇಡುವ ತೆಳು ಗಾಜಿನ ಅಂಚನ್ನು ನಾವು ನೇಲ್ ಪಾಲಿಶ್‌ನಿಂದ ಮುಚ್ಚುತ್ತೇವೆ. ಹೆಸರಿಗೆ ಆಧಾರವಾಗುವ ಚಿಪ್ಪಿನ ಸ್ಲೈಡಿಗೆ ಮಾತ್ರ ನಮ್ಮ ಲ್ಯಾಬಿನಲ್ಲಿ ಕೆಂಪು. ಶಿವಾಜಿನಗರದ ಅಂಗಡಿಯವರಿಗೆ ನನ್ನ ಗುರುತಿತ್ತು.

"ಕ್ಯಾ ಭಾಯ್, ಯಾವಾಗ್ಲೂ ಕಲರ್ ಇಲ್ದಿರೋದು ತಗೊಳ್ತಿದ್ರಿ, ಇವತ್ತು ಲಾಲ್? ಮನೇಲಿ ರಾಜಿ ಆಯ್ತಾ?"

"ಗಾಜಿಗೆ ಹಚ್ಚೋಕೆ."

"ಹಚ್ಚಿ, ಹಚ್ಚಿ. ನಾನೂ ನಮ್ಮ ಬೀವಿಗೆ ಹಂಗೇ ಹೇಳೋದು."

ಕೆಂಪು ಉಂಗುರ ಹಾಕಿ, ಲೇಬಲ್ ಮೇಲೆ ಅಣ್ಣನ ಹೆಸರನ್ನು ಲ್ಯಾಟಿನ್ ಮಾಡಿ ಬರೆದೆ.

ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸಿದ ಎಂಟು ತಿಂಗಳ ಮೇಲೆ ಅವರ ಉತ್ತರ ಬಂತು. ಕಿಟಕಿ ಚಿಪ್ಪಿನ ಬೆನ್ನಿನಲ್ಲಿದೆ, ಚಿತ್ರದಲ್ಲಿ ಮಸುಕು, ಸ್ಪಷ್ಟವಾದ ಚಿತ್ರ ಕಳಿಸಿ ಎಂದಿದ್ದರು. ಚಿಪ್ಪು ಬೆನ್ನು ಕೆಳಗಾಗಿ ಕೂತಿತ್ತು. ನನ್ನ ಗೈಡ್ ಮೇಡಂ ಫೋನಿನಲ್ಲಿ ಹೇಳಿದರು, "ಸ್ಲೈಡ್ ಮುಟ್ಬೇಡಿ. ಹೀಗೇ ಇನ್ನೊಂದ್ಸಲ ಫೋಟೋ ತೆಗೀರಿ."

ತೆಗೆದೆ, ಮತ್ತೂ ಮಸುಕು. ಉಂಗುರ ಕೆರೆದು ಸ್ಲೈಡನ್ನು ಸ್ವಲ್ಪ ಬಿಸಿ ಮಾಡಿದರೆ ಚಿಪ್ಪನ್ನು ಹಿಡಿದಿಟ್ಟ ಒಳಗಿನ ಜೆಲ್ಲಿ ಕರಗುತ್ತದೆ, ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿದರೆ ಚಿಪ್ಪು ಮಗುಚಿಕೊಳ್ಳುತ್ತದೆ. ಬೇರೆ ಚಿಪ್ಪುಗಳಿಗೆ ಹೀಗೆ ಹತ್ತಾರು ಸಲ ಮಾಡಿದ್ದೆ. ಅಣ್ಣನ ಹೆಸರು ಮಸುಕಾದ ಚಿತ್ರದ ಕೆಳಗೆ ಬರುವುದು ಬೇಡವಾಗಿತ್ತು ನನಗೆ. ಒತ್ತಿದೆ. ಗಾಜು ಜಾರಿ ಅಂಚಿನಿಂದ ಜೆಲ್ಲಿ ಉಕ್ಕಿತು. ಕೈ ತಾನಾಗಿಯೇ ಟಿಶ್ಯೂ ತೆಗೆದುಕೊಂಡು ಒರೆಸಿಬಿಟ್ಟಿತು.

ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಜಿನ ಕೆಳಗೆ ಏನೂ ಇರಲಿಲ್ಲ.

ಆ ಟಿಶ್ಯೂವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಹನಿ ಹನಿಯಾಗಿ ನಾಲ್ಕು ದಿನ ಹುಡುಕಿದೆ. ಬರೀ ಕಾಗದದ ನಾರು. ಕಲ್ಲು ಒಂದು ಚೂರೂ ಉಳಿದಿರಲಿಲ್ಲ. ಅದು ಬಂದ ಕೊಳವೆಬಾವಿಯನ್ನು ಯಾವಾಗಲೋ ಮುಚ್ಚಿದ್ದರು.

"ಫೋಟೋ ಇದೆಯಲ್ಲ ಮೇಡಂ," ಎಂದೆ.

"ಫಾಸಿಲ್‌ಗೆ ಫೋಟೋ ನಡೆಯಲ್ಲ ರೀ. ಹೆಸರಿಡ್ಬೇಕು ಅಂದ್ರೆ ವಸ್ತು ಇರ್ಬೇಕು. ನಾಳೆ ಯಾರೋ ಬಂದು ತೋರ್ಸಿ ಅಂದ್ರೆ ಏನ್ ತೋರಿಸ್ತೀರ?" ಅವರು ಬೈಯಲಿಲ್ಲ. ಲೇಖನ ವಾಪಸ್ ತಗೊಳ್ಳೋಣ ಎಂದರು. ಉಳಿದ ಮೂರರಲ್ಲಿ ಕಿಟಕಿಯೇ ಹರಿದಿತ್ತು, ಅವುಗಳ ಮೇಲೆ ಹೆಸರು ನಿಲ್ಲುವುದಿಲ್ಲ. ನನ್ನ ಪ್ರಬಂಧದಲ್ಲಿ ಅದು ಈಗ 'ಪ್ರಭೇದ ಎ' ಅಷ್ಟೇ.

ಹಲಸೂರಿಗೆ ಹೋಗಲು ಮೂರು ವಾರ ಬೇಕಾಯಿತು. ನಾನಿರುವ ಕೆ.ಆರ್. ಪುರದಿಂದ ಎರಡು ಸಲ ಹೊರಟು ಅರ್ಧದಿಂದ ವಾಪಸ್ ಬಂದಿದ್ದೆ. ಅಣ್ಣ ಬಾಗಿಲಲ್ಲೇ ಕೇಳಿದರು, ನಾನು ನಿಂತಲ್ಲೇ ಹೇಳಿದೆ.

"ಕಲ್ಲು ಇದೆಯಾ?"

"ಇಲ್ಲಣ್ಣ."

"ಇರಲ್ಲ. ನಾನೇ ಎಲ್ಲಾ ಹಾಕ್ಬಿಟ್ಟೆ." ಮತ್ತೆ ಕೇಳಿದರು, "ಅಂಚು ಒರೆಸಿದ್ಯಾ?"

"ಒರೆಸ್ದೆ."

"ಹೂಂ. ಜೆಲ್ಲಿ ಬಂದ್ರೆ ತಕ್ಷಣ ಒರೆಸು, ಗಲೀಜು ಬಿಡ್ಬೇಡ ಅಂತ ನಾನೇ ಅಲ್ವಾ ಹೇಳ್ಕೊಟ್ಟಿದ್ದು."

ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದೆ. "ಹಾಕು, ಹಾಕು," ಎಂದು ಟಿ.ವಿ. ಕಡೆ ತಿರುಗಿದರು. ಅವರ ಹೆಂಡತಿ ಕಾಫಿ ತಂದಿಟ್ಟರು. ಅವರಿಗೆ ಕನ್ನಡ ಅಷ್ಟಾಗಿ ಬರುವುದಿಲ್ಲ. ಪಾಚಿ ಎಂಬ ಒಂದು ಪದ ಕಲಿತಿದ್ದರು, ಅದನ್ನು ಹೇಳಿ ನನ್ನ ಮುಖ ನೋಡಿದರು. ಅಣ್ಣ ತಮಿಳಿನಲ್ಲಿ ಏನೋ ಚಿಕ್ಕದಾಗಿ ಹೇಳಿದರು. ಆಮೇಲೆ ಅವರೂ ಕೇಳಲಿಲ್ಲ.

ಈಗಲೂ ಹೋಗುತ್ತಿರುತ್ತೇನೆ. ಮೆಟ್ರೋ ರಶ್ಶಿತ್ತಾ, ಊಟ ಆಯ್ತಾ ಎಂದು ಕೇಳುತ್ತಾರೆ.