ರುಖವತದಲ್ಲಿ ಕೂತ ಕಂಪ್ಯೂಟರ್

ನನ್ನ ಲಗ್ನ ಮಾಡಿಸಿದ್ದು ಒಂದು ತಗಡಿನ ಟ್ರಂಕು. ಹೀಗೆಂದರೆ ಜನ ನಗುತ್ತಾರೆ. ನಗಲಿ.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಬೈಲಹೊಂಗಲದ ಪೇಟೆಯಲ್ಲಿ ನಾನು ಕಲಿತು, ಮುಂದೆ ಅಲ್ಲೇ ಕಲಿಸುತ್ತಲೂ ಇದ್ದ ಕಂಪ್ಯೂಟರ್ ಕ್ಲಾಸು ಬಾಗಿಲು ಹಾಕಿತು. ಅಲ್ಲಿನ ಸರ್ ಹಳೆಯ ಮಾನಿಟರು, ಕೀಬೋರ್ಡು, ಜೊತೆಗೆ ಬಿಚ್ಚಿಟ್ಟ ಮದರ್‌ಬೋರ್ಡು, ಡಿಸ್ಕು, ಫ್ಯಾನು ಎಲ್ಲ ನನಗೇ ಕೊಟ್ಟು, "ಕ್ಯಾಬಿನೆಟ್ ಇಲ್ಲವ್ವಾ, ಏನರ ಮಾಡ್ಕೋ" ಅಂದರು. ನನ್ನ ತಲೆಯಲ್ಲಿ ಆಗಲೇ ಅಂಗಡಿ ತೆರೆದಾಗಿತ್ತು. ನಮ್ಮ ಪಡಸಾಲೆಯಲ್ಲೇ ಕೂತು ಲಗ್ನಪತ್ರಿಕೆ, ಶಾಲೆಗಳ ಪ್ರಶ್ನೆಪತ್ರಿಕೆ ಟೈಪು ಮಾಡಿಕೊಡಬೇಕು. ಅಪ್ಪ ಆ ರಾಶಿ ನೋಡಿ ನಕ್ಕರು.

"ಇದೇನರ ಚಾಲೂ ಆತಂದ್ರ ಒಂದ್ ವರ್ಷ ನಿನ್ನ ಲಗ್ನದ ಮಾತ ಎತ್ತೂದಿಲ್ಲ, ಹೋಗ!"

ನನಗೆ ಬೇಕಾಗಿದ್ದದ್ದೂ ಅಷ್ಟೇ, ಒಂದು ವರ್ಷ.

ಇವನ್ನೆಲ್ಲ ಕೂಡಿಸಿಡುವ ಕ್ಯಾಬಿನೆಟ್ಟಿನ ಬದಲಿಗೆ ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿ, ಪಕ್ಕದ ಓಣಿಯ ವೆಲ್ಡಿಂಗ್ ಅಂಗಡಿಯಲ್ಲಿ ಹಿಂಬದಿಗೆ ಕಿಂಡಿ ಕೊರೆಸಿದೆ. ಬೋರ್ಡು ತಗಡಿಗೆ ತಾಗಿದರೆ ಸುಟ್ಟು ಹೋಗುತ್ತದೆ, ಹಾಗಾಗಿ ಕೆಳಗೆ ಹರಿದ ರಬ್ಬರ್ ಚಪ್ಪಲಿಯ ತುಂಡು ಇಡಲು ಹೋದೆ. ಅವ್ವ ಚೀರಿಬಿಟ್ಟಳು: "ವಿದ್ಯಾದ ಸಾಮಾನಿಗೆ ಚಪ್ಪಲಿ ಹಚ್ಚತೀಯೇನ? ತಲಿ ನೆಟ್ಟಗೈತೇನ ನಿನಗ?" ಕಡೆಗೆ ಆಕೆಯೇ ಕುಕ್ಕರಿನ ಹಳೇ ರಬ್ಬರು ಹುಡುಕಿ ಕೊಟ್ಟಳು, ಅದನ್ನೇ ಕತ್ತರಿಸಿ ಇಟ್ಟೆ. ನಮ್ಮೂರಲ್ಲಿ ಹತ್ತಿಯ ಸುಗ್ಗಿ ಬಂತೆಂದರೆ ಗಾಳಿಯೆಲ್ಲ ಧೂಳು, ನಾರು. ಫ್ಯಾನಿನ ಮುಂದೆ ಹಿಟ್ಟಿನ ಜರಡಿಯ ಬಲೆ ಕತ್ತರಿಸಿ ಕಟ್ಟಿದೆ. ಇದು ಮಾತ್ರ ಅವ್ವನನ್ನು ಕೇಳದೇ ಮಾಡಿದ್ದು, ಬೈಸಿಕೊಂಡೆ. ಚಾಲೂ ಮಾಡಲು ಬಾಗಿಲಿನ ಕಾಲಿಂಗ್ ಬೆಲ್ಲಿನ ಬಟನ್ನು ಬಿಚ್ಚಿ ಟ್ರಂಕಿನ ಮೂತಿಗೆ ಕೂಡಿಸಿದೆ.

ಒತ್ತಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು. ಅಪ್ಪ ಕುಣಿಯುವುದೊಂದು ಬಾಕಿ! ಓಣಿಯವರನ್ನೆಲ್ಲ ಕರೆದು ತೋರಿಸಿದರು. ಬಸ್ಸಿನಲ್ಲಿ, ದಲಾಲರ ಅಡತಿ ಅಂಗಡಿಯಲ್ಲಿ, ಸಿಕ್ಕಸಿಕ್ಕವರ ಮುಂದೆ ಅದೇ ಸುದ್ದಿ. ಆ ಸುದ್ದಿ ಯರಗಟ್ಟಿಯ ಒಂದು ವ್ಯಾಪಾರಸ್ಥರ ಮನೆಗೂ ಮುಟ್ಟಿತು.

ನಾನಿನ್ನೂ ಮೊದಲನೆಯ ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ, ಅವರು ಕನ್ಯೆ ನೋಡಲು ಬಂದರು. ಗಂಡಿನ ತಾಯಿ ನನ್ನ ಮುಖಕ್ಕಿಂತ ಹೆಚ್ಚು ಹೊತ್ತು ಆ ಜರಡಿಯನ್ನೇ ನೋಡಿದರು. "ಹಾಳ ಸಾಮಾನದಾಗ ಕಂಪ್ಯೂಟರ್ ಮಾಡ್ಯಾಳ ಅಂದ್ರ, ಈಕಿ ಸಂಸಾರ ಭಾಳ ಛಂದ ಮಾಡತಾಳ ಬಿಡ್ರಿ" ಎಂದರು. ಮನೆಯಲ್ಲೇ ಉಳಿಯಲೆಂದು ಕಟ್ಟಿದ್ದೇ ನನ್ನನ್ನು ಮನೆಯಿಂದ ಎಬ್ಬಿಸುತ್ತಿತ್ತು. "ಇಂಥಾ ಮನಿ ಮತ್ತ ಸಿಗೂದಿಲ್ಲ ಯವ್ವಾ" ಎಂದು ಅಪ್ಪ ಹೂಂ ಅಂದುಬಿಟ್ಟರು. ನಾನು ಅಳುತ್ತ ಕೂತೆ, ಊಟ ಬಿಟ್ಟೆ. ಲಗ್ನವೆಂದರೆ ಹೆಣ್ಣುಮಕ್ಕಳೆಲ್ಲ ಅಳುತ್ತಾರೆ ಎಂದರು ಮನೆಯವರು.

ನಮ್ಮ ಕಡೆ ಮದುವೆಯಲ್ಲಿ ರುಖವತ ಹೂಡುತ್ತಾರೆ. ಮದುಮಗಳ ಕೈಕೆಲಸವನ್ನೆಲ್ಲ ಬೀಗರು ನೋಡಲೆಂದು ಸಾಲಾಗಿ ಇಡುವುದು. ಕಸೂತಿ, ಮಣಿಯ ತೋರಣ, ಬಣ್ಣ ಹಚ್ಚಿದ ಕೊಬ್ಬರಿ ಬಟ್ಟಲುಗಳ ನಡುವೆ ಅಪ್ಪ ನನ್ನ ಟ್ರಂಕನ್ನು ಇಟ್ಟು, ಅದಕ್ಕೊಂದು ಹಾರ ಹಾಕಿಸಿದರು. ಹಾರ ಹಾಕಿದ್ದನ್ನು ಕಂಡು ನನಗೆ ಮೈ ಉರಿದುಹೋಯಿತು.

ಅತ್ತೆಯ ಮನೆಯಲ್ಲಿ ಅದನ್ನು ಶೋಕೇಸಿನ ಪಕ್ಕ ಕ್ರೋಶಾ ಹೆಣಿಗೆಯ ಬಟ್ಟೆ ಹೊದಿಸಿ ಇಟ್ಟರು. ಬಂದವರಿಗೆಲ್ಲ "ನಮ್ಮ ಸೊಸಿ ಮಾಡಿದ್ದು" ಎಂದು ತೋರಿಸುತ್ತಿದ್ದರು. ಚಾಲೂ ಮಾಡಲು ಮಾತ್ರ ಕೊಡಲಿಲ್ಲ. "ಸುಟ್ಟಗಿಟ್ಟೀತು, ಇರ್ಲಿ ಬಿಡವಾ, ನೋಡಾಕ ಛಂದ ಐತಿ." ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅಪ್ಪ ಬಂದಾಗ, ಬೀಗರ ಮುಂದೆ ಉಮೇದು ಬಂದು, "ಚಾಲೂ ಮಾಡಿ ತೋರ್ಸ ಯವ್ವಾ" ಎಂದರು. ಅತ್ತೆಯೂ ಆಗಲಿ ಎಂದರು. ಒತ್ತಿದೆ, ಆಗಲಿಲ್ಲ. ಮುಚ್ಚಳ ತೆಗೆದೆ. ಇಲಿ ಹೊಕ್ಕು ವೈರುಗಳನ್ನೆಲ್ಲ ಕಿತ್ತುಹಾಕಿತ್ತು. ಯಾವುದನ್ನು ಯಾವ ಪಿನ್ನಿಗೆ ಚುಚ್ಚಬೇಕು? ನೋಡಿದೆ, ನೋಡಿದೆ, ಏನೂ ಹೊಳೆಯಲಿಲ್ಲ. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸವದು. ಅತ್ತೆ ಚಹಾ ತರಲು ಒಳಗೆ ಹೋದರು. ನನಗೆ ದುಃಖ ಒತ್ತರಿಸಿ ಬಂತು.

"ಅಪ್ಪಾ, ನೀ ನನಗ ಒಂದ್ ವರ್ಷ ಕೊಡತೇನಿ ಅಂದಿದ್ದಿ."

ಅಪ್ಪ ಗಾಬರಿಯಾಗಿ ನನ್ನ ಮುಖ ನೋಡಿದರು. ಅವರು ಸುಳ್ಳು ಹೇಳುವವರಲ್ಲ.

"ಯಾವ ವರ್ಷ ಯವ್ವಾ?" ಎಂದರು.